ಅಂಕಪಟ್ಟಿಯಲ್ಲಿ ಕಾಣದ ಹುಡುಗರು

ಇಂಗ್ಲೆಂಡ್‌ನ ಪ್ರೀಮಿಯರ್ ಲೀಗ್ ಅಂಕಪಟ್ಟಿಯನ್ನು ಬಾಯಿಪಾಠ ಹೇಳುವವರು ನಮ್ಮ ಹಾಸ್ಟೆಲ್‌ಗಳಲ್ಲಿ ಬೇಕಾದಷ್ಟು ಸಿಗುತ್ತಾರೆ. ಆರ್ಸೆನಲ್ ಎಷ್ಟನೇ ಸ್ಥಾನದಲ್ಲಿದೆ, ಮ್ಯಾಂಚೆಸ್ಟರ್ ಯುನೈಟೆಡ್ ಎಲ್ಲಿಗೆ ಕುಸಿದಿದೆ, ಲಿವರ್‌ಪೂಲ್‌ಗೆ ಇನ್ನೆಷ್ಟು ಅಂಕ ಬೇಕು ಎಂಬ ಚರ್ಚೆ ಇಂಟರ್ನಲ್ಸ್ ಪರೀಕ್ಷೆಯ ಹಿಂದಿನ ರಾತ್ರಿಯೂ ನಿಲ್ಲುವುದಿಲ್ಲ. ಆದರೆ ಇದೇ ಕ್ಲಬ್‌ಗಳ 21 ವರ್ಷದೊಳಗಿನ ತಂಡಗಳಿಗೂ ಒಂದು ಲೀಗ್ ಇದೆ. ಅದಕ್ಕೂ ಒಂದು ಅಂಕಪಟ್ಟಿ ಇದೆ. ಅದರ ಹೆಸರು ಪ್ರೀಮಿಯರ್ ಲೀಗ್ 2. ಅದರ ಕೆಳಗೆ 18 ವರ್ಷದೊಳಗಿನವರ ಲೀಗ್ ಬೇರೆ, ಉತ್ತರ ಮತ್ತು ದಕ್ಷಿಣ ಎಂದು ಎರಡು ವಿಭಾಗಗಳಲ್ಲಿ. ಅಲ್ಲಿ ಆಡುವವರೆಲ್ಲ ಹೆಚ್ಚುಕಡಿಮೆ ನಮ್ಮ ವಯಸ್ಸಿನವರು. ಅವರೂ ನಮ್ಮ ಹಾಗೆಯೇ ಕೆಲಸಕ್ಕಾಗಿ ಕಾಯುತ್ತಿರುವವರು.

2023-24ರ ಋತುವಿನಲ್ಲಿ ಪ್ರೀಮಿಯರ್ ಲೀಗ್ 2ರಲ್ಲಿ 26 ತಂಡಗಳಿದ್ದವು. ಪ್ರತಿ ತಂಡಕ್ಕೆ 20 ಪಂದ್ಯ. ಅಂದರೆ ಎಲ್ಲರೂ ಎಲ್ಲರ ವಿರುದ್ಧ ಆಡುವುದಿಲ್ಲ. ಆದರೂ ಪಟ್ಟಿ ಒಂದೇ. ಮೊದಲ 16 ತಂಡಗಳಿಗೆ ನಾಕೌಟ್ ಹಂತ. ಆ ವರ್ಷ ಟಾಟನ್‌ಹ್ಯಾಮ್ ಹಾಟ್‌ಸ್ಪರ್ ಅಗ್ರಸ್ಥಾನ ಪಡೆಯಿತು, ಫೈನಲ್‌ನಲ್ಲಿ ಸಂಡರ್‌ಲ್ಯಾಂಡ್ ತಂಡವನ್ನು 3-1ರಿಂದ ಸೋಲಿಸಿ ಪ್ರಶಸ್ತಿಯನ್ನೂ ಗೆದ್ದಿತು. ಸರಿ, ಗೆದ್ದು ಏನು ಸಿಕ್ಕಿತು? ಮೇಲಿನ ದರ್ಜೆಗೆ ಬಡ್ತಿ ಇಲ್ಲ. ಕೊನೆಯ ಸ್ಥಾನ ಪಡೆದವರಿಗೆ ಹಿಂಬಡ್ತಿಯೂ ಇಲ್ಲ. 2016ರಿಂದ 2023ರವರೆಗೆ ಎರಡು ವಿಭಾಗಗಳಿದ್ದು ಬಡ್ತಿ, ಹಿಂಬಡ್ತಿ ಎಲ್ಲ ಇತ್ತು. ಈಗ ಅದನ್ನು ತೆಗೆದಿದ್ದಾರೆ. ಏಕೆಂದರೆ ಈ ಲೀಗ್ ಇರುವುದು ಗೆಲ್ಲುವುದಕ್ಕಲ್ಲ, ಆಟಗಾರರನ್ನು ಬೆಳೆಸುವುದಕ್ಕೆ ಎಂದು ಅವರೇ ಹೇಳುತ್ತಾರೆ.

ನನ್ನ ಪ್ರಶ್ನೆ ಹುಟ್ಟುವುದು ಅಲ್ಲಿಂದಲೇ. ಉದ್ದೇಶ ಆಟಗಾರರನ್ನು ಬೆಳೆಸುವುದಾದರೆ, ಪಟ್ಟಿಯಲ್ಲಿ ಇರುವುದು ಪಂದ್ಯ, ಗೆಲುವು, ಡ್ರಾ, ಸೋಲು, ಗೋಲು, ಅಂಕ ಮಾತ್ರ ಏಕೆ? ಎಷ್ಟು ಹುಡುಗರು ಬೆಳೆದರು, ಎಷ್ಟು ಮಂದಿಯನ್ನು ಮನೆಗೆ ಕಳಿಸಲಾಯಿತು, ಅವರು ಈಗ ಎಲ್ಲಿದ್ದಾರೆ ಎಂಬ ಕಾಲಂ ಎಲ್ಲಿದೆ?

ಪಟ್ಟಿ ಬದಲಾದರೆ ಆಟ ಬದಲಾಗುತ್ತದೆ

ಪಟ್ಟಿಯಲ್ಲಿ ಒಂದು ಕಾಲಂ ಸೇರಿಸಿದರೆ ಏನು ಮಹಾ ಆಗುತ್ತದೆ ಎಂದು ಕೆಲವರಿಗೆ ಅನ್ನಿಸಬಹುದು. ಇಂಗ್ಲಿಷ್ ಫುಟ್‌ಬಾಲ್‌ನ ಚರಿತ್ರೆಯೇ ಅದಕ್ಕೆ ಉತ್ತರ ಕೊಡುತ್ತದೆ.

ಆಸ್ಟನ್ ವಿಲ್ಲಾ ಕ್ಲಬ್‌ನ ವಿಲಿಯಂ ಮೆಕ್‌ಗ್ರೆಗರ್ ಅವರ ಪ್ರಯತ್ನದಿಂದ 1888ರಲ್ಲಿ 12 ಕ್ಲಬ್‌ಗಳ ಫುಟ್‌ಬಾಲ್ ಲೀಗ್ ಶುರುವಾಯಿತು. ವಿಚಿತ್ರವೆಂದರೆ ಸೆಪ್ಟೆಂಬರ್‌ನಲ್ಲಿ ಪಂದ್ಯಗಳು ಆರಂಭವಾದಾಗ ಅಂಕ ಹೇಗೆ ಕೊಡಬೇಕು ಎಂಬುದೇ ತೀರ್ಮಾನವಾಗಿರಲಿಲ್ಲ. ಗೆಲುವಿಗೆ 2, ಡ್ರಾಕ್ಕೆ 1 ಎಂದು ನಿರ್ಧರಿಸಿದ್ದು ನವೆಂಬರ್‌ನಲ್ಲಿ. ಆ ಮೊದಲ ಋತುವಿನಲ್ಲಿ ಪ್ರೆಸ್ಟನ್ ನಾರ್ತ್ ಎಂಡ್ 22 ಪಂದ್ಯಗಳಲ್ಲಿ 18 ಗೆದ್ದು, 4 ಡ್ರಾ ಮಾಡಿಕೊಂಡು, ಒಂದನ್ನೂ ಸೋಲದೆ 40 ಅಂಕ ಗಳಿಸಿತು.

ಅಂಕ ಸಮವಾದರೆ? ಬಹಳ ಕಾಲ ಗೋಲು ಸರಾಸರಿ ಲೆಕ್ಕ ಹಾಕುತ್ತಿದ್ದರು. ಹೊಡೆದ ಗೋಲನ್ನು ಬಿಟ್ಟುಕೊಟ್ಟ ಗೋಲಿನಿಂದ ಭಾಗಿಸುವುದು. 40 ಹೊಡೆದು 20 ಬಿಟ್ಟುಕೊಟ್ಟ ತಂಡಕ್ಕೂ, 60 ಹೊಡೆದು 30 ಬಿಟ್ಟುಕೊಟ್ಟ ತಂಡಕ್ಕೂ ಸರಾಸರಿ 2. ಇನ್ನೂ ಹೇಳಬೇಕೆಂದರೆ, 20 ಹೊಡೆದು 9 ಮಾತ್ರ ಬಿಟ್ಟುಕೊಟ್ಟ ತಂಡ ಇವರಿಬ್ಬರಿಗಿಂತ ಮೇಲೆ. ಅಂದರೆ ಬಾಗಿಲು ಮುಚ್ಚಿಕೊಂಡು ಕೂತವರಿಗೆ ಲಾಭ. 1976-77ರಿಂದ ಭಾಗಾಕಾರ ಬಿಟ್ಟು ವ್ಯವಕಲನಕ್ಕೆ ಬಂದರು, ಅದೇ ಇಂದಿನ ಗೋಲು ಅಂತರ. ಡ್ರಾಕ್ಕೆಂದೇ ಆಡುವವರು ಹೆಚ್ಚಾದಾಗ 1981ರಲ್ಲಿ ಗೆಲುವಿಗೆ 3 ಅಂಕ ಮಾಡಿದರು. ಮುಂದೆ ಇಡೀ ಜಗತ್ತೇ ಅದನ್ನು ಒಪ್ಪಿಕೊಂಡಿತು.

ಏನನ್ನು ಎಣಿಸುತ್ತೇವೋ ಅದೇ ಬೆಳೆಯುತ್ತದೆ. ಕಂಟ್ರೋಲ್ ಸಿಸ್ಟಮ್ಸ್ ಓದಿದವರಿಗೆ ಇದು ಫೀಡ್‌ಬ್ಯಾಕ್‌ನ ಮೊದಲ ಪಾಠ. ಅಳೆಯದೆ ಬಿಟ್ಟದ್ದನ್ನು ಯಾವ ಸಿಸ್ಟಮ್ಮೂ ತಾನಾಗಿ ಸರಿಪಡಿಸಿಕೊಳ್ಳುವುದಿಲ್ಲ.

ಕಾರ್ಖಾನೆಯಿಂದ ಬಂದ ಕ್ಲಬ್‌ಗಳು

ಇಂದು ಕೋಟಿಗಟ್ಟಲೆ ಪೌಂಡ್‌ಗಳ ವ್ಯವಹಾರ ಮಾಡುವ ಕ್ಲಬ್‌ಗಳಲ್ಲಿ ಹಲವು ಹುಟ್ಟಿದ್ದು ಕಾರ್ಮಿಕರ ನಡುವೆ. ಮ್ಯಾಂಚೆಸ್ಟರ್ ಯುನೈಟೆಡ್‌ನ ಮೂಲ 1878ರಲ್ಲಿ ರೈಲ್ವೆ ಬೋಗಿ ಕಾರ್ಯಾಗಾರದ ಕೆಲಸಗಾರರು ಕಟ್ಟಿದ ನ್ಯೂಟನ್ ಹೀತ್. ಈಗಿನ ಹೆಸರು ಬಂದದ್ದು 1902ರಲ್ಲಿ. ಆರ್ಸೆನಲ್ 1886ರಲ್ಲಿ ವುಲ್‌ವಿಚ್‌ನ ಶಸ್ತ್ರಾಸ್ತ್ರ ಕಾರ್ಖಾನೆಯಲ್ಲಿ ಹುಟ್ಟಿತು. ವೆಸ್ಟ್ ಹ್ಯಾಮ್‌ನ ಮೂಲ 1895ರ ಹಡಗು ಕಟ್ಟುವ ಕಂಪನಿಯೊಂದರ ತಂಡ. ಹತ್ತಿರದ ಬೀದಿಯ ಹುಡುಗ, ಹತ್ತಿರದ ಮೈದಾನ, ಶನಿವಾರ ಮಧ್ಯಾಹ್ನದ ಪಂದ್ಯ. ಇಷ್ಟೇ ಆಗಿತ್ತು ಕ್ಲಬ್ ಎಂದರೆ.

ಹುಡುಗರನ್ನು ವ್ಯವಸ್ಥಿತವಾಗಿ ಬೆಳೆಸುವ ಕೆಲಸಕ್ಕೆ ದೊಡ್ಡ ವೇದಿಕೆ ಸಿಕ್ಕಿದ್ದು 1952-53ರಲ್ಲಿ ಶುರುವಾದ ಎಫ್‌ಎ ಯೂತ್ ಕಪ್‌ನಿಂದ. ಮೊದಲ ಐದು ವರ್ಷವೂ ಅದನ್ನು ಗೆದ್ದದ್ದು ಮ್ಯಾಂಚೆಸ್ಟರ್ ಯುನೈಟೆಡ್. ಮ್ಯಾಟ್ ಬಸ್ಬಿ ಆ ಹುಡುಗರನ್ನೇ ಹಿರಿಯರ ತಂಡಕ್ಕೆ ತಂದು ಲೀಗ್ ಗೆಲ್ಲಿಸಿದರು. 1958ರ ಫೆಬ್ರುವರಿ 6ರಂದು ಮ್ಯೂನಿಕ್‌ನಲ್ಲಿ ನಡೆದ ವಿಮಾನ ದುರಂತದಲ್ಲಿ ಆ ಕ್ಲಬ್‌ನ 8 ಆಟಗಾರರು ಸತ್ತರು. ಅವರಲ್ಲಿ ಡಂಕನ್ ಎಡ್ವರ್ಡ್ಸ್‌ಗೆ 21 ವರ್ಷ. ಬದುಕುಳಿದವರಲ್ಲಿ ಒಬ್ಬರಾದ ಬಾಬಿ ಚಾರ್ಲ್ಟನ್ ಕೂಡ ಯೂತ್ ಕಪ್ ಆಡಿ ಬಂದವರೇ. ಹತ್ತು ವರ್ಷಗಳ ನಂತರ, 1968ರಲ್ಲಿ, ಅವರ ನಾಯಕತ್ವದಲ್ಲಿ ತಂಡ ಬೆನ್‌ಫಿಕಾ ವಿರುದ್ಧ 4-1ರಿಂದ ಗೆದ್ದು ಯುರೋಪಿಯನ್ ಕಪ್ ಎತ್ತಿತು. 1937ರ ಅಕ್ಟೋಬರ್‌ನಿಂದ ಇಂದಿನವರೆಗೆ ಯುನೈಟೆಡ್‌ನ ಪ್ರತಿ ಪಂದ್ಯದ ತಂಡದಲ್ಲೂ ಅವರದೇ ಅಕಾಡೆಮಿಯಲ್ಲಿ ಬೆಳೆದ ಒಬ್ಬನಾದರೂ ಇದ್ದಾನೆ ಎಂಬುದು ಆ ಕ್ಲಬ್‌ನ ದೊಡ್ಡ ಹೆಮ್ಮೆ.

ಈ ಪರಂಪರೆಯ ಇನ್ನೊಂದು ಪ್ರಸಿದ್ಧ ಕಂತು 1992ರ ಯೂತ್ ಕಪ್. ಫೈನಲ್‌ನಲ್ಲಿ ಕ್ರಿಸ್ಟಲ್ ಪ್ಯಾಲೆಸ್ ಎದುರಾಳಿ, ಎರಡು ಪಂದ್ಯ ಸೇರಿ 6-3. ಆ ತಂಡದ ರಯಾನ್ ಗಿಗ್ಸ್, ಡೇವಿಡ್ ಬೆಕಂ, ನಿಕಿ ಬಟ್, ಗ್ಯಾರಿ ನೆವಿಲ್ ಈ ನಾಲ್ವರೂ 1999ರ ಚಾಂಪಿಯನ್ಸ್ ಲೀಗ್ ಫೈನಲ್‌ನ ಹನ್ನೊಂದರ ಬಳಗದಲ್ಲಿದ್ದರು. ಒಂದೇ ಯುವ ತಂಡದಿಂದ ಇಂಥ ನಾಲ್ವರು ಬರುವುದು ಅಪರೂಪ. ಆದರೆ ಅದೇ 1992ರ ಫೈನಲ್ ಆಡಿದ ಎಡಬದಿಯ ಡಿಫೆಂಡರ್ ಯುನೈಟೆಡ್‌ನ ಹಿರಿಯರ ತಂಡಕ್ಕೆ ಒಂದು ಪಂದ್ಯವನ್ನೂ ಆಡಲಿಲ್ಲ. ಎಲ್ಲರೂ ಹೊಗಳುವ ಯುವ ತಂಡದ ಕಥೆಯೇ ಹೀಗಿರುವಾಗ ಪಟ್ಟಿಯ 16ನೇ, 20ನೇ ಸ್ಥಾನದ ತಂಡಗಳ ಹುಡುಗರ ಗತಿಯನ್ನು ಊಹಿಸಿಕೊಳ್ಳಬಹುದು.

ದರಪಟ್ಟಿ ಬಂದ ಮೇಲೆ

ಈಗಿನ ಅಕಾಡೆಮಿ ವ್ಯವಸ್ಥೆಯ ಬುನಾದಿ 2011ರ ಅಕ್ಟೋಬರ್‌ನ ಒಂದು ಮತದಾನ. ಎಲೀಟ್ ಪ್ಲೇಯರ್ ಪರ್ಫಾರ್ಮೆನ್ಸ್ ಪ್ಲಾನ್ ಎಂಬ ಯೋಜನೆಯನ್ನು ಪ್ರೀಮಿಯರ್ ಲೀಗ್ ಮುಂದಿಟ್ಟಿತು. ಕೆಳಗಿನ ಮೂರು ದರ್ಜೆಗಳ 72 ಕ್ಲಬ್‌ಗಳ ಪೈಕಿ 46 ಪರವಾಗಿ, 22 ವಿರುದ್ಧವಾಗಿ ಮತ ಹಾಕಿದವು. ಒಪ್ಪದಿದ್ದರೆ ಯುವ ಆಟಗಾರರ ತರಬೇತಿಗೆ ಬರುತ್ತಿದ್ದ ಹಣ ನಿಲ್ಲಬಹುದು ಎಂಬ ಒತ್ತಡ ಸಣ್ಣ ಕ್ಲಬ್‌ಗಳ ಮೇಲಿತ್ತು. 2012ರಿಂದ ಯೋಜನೆ ಜಾರಿಗೆ ಬಂತು.

ಇದರಲ್ಲಿ ಅಕಾಡೆಮಿಗಳಿಗೆ 1ರಿಂದ 4ರವರೆಗೆ ದರ್ಜೆ. ಮೈದಾನ, ಕೋಚ್‌ಗಳು, ಓದಿನ ವ್ಯವಸ್ಥೆ, ವೈದ್ಯಕೀಯ ಸೌಲಭ್ಯ ಎಲ್ಲ ನೋಡಿ ದರ್ಜೆ ಕೊಡುತ್ತಾರೆ. ನಮ್ಮ ಕಾಲೇಜುಗಳಿಗೆ ನ್ಯಾಕ್ ತಂಡ ಬರುತ್ತದಲ್ಲ, ಹೆಚ್ಚುಕಡಿಮೆ ಹಾಗೆ. ಮೊದಲು ಹುಡುಗರನ್ನು ಸೇರಿಸಿಕೊಳ್ಳಲು ಮನೆಯಿಂದ ಗರಿಷ್ಠ ಒಂದೂವರೆ ಗಂಟೆಯ ಪ್ರಯಾಣ ಎಂಬ ಮಿತಿ ಇತ್ತು. ಒಂದನೇ ದರ್ಜೆಯ ಅಕಾಡೆಮಿಗಳಿಗೆ ಆ ಮಿತಿ ಸಡಿಲವಾಯಿತು. ಜೊತೆಗೆ ಒಂದು ದರಪಟ್ಟಿ ಬಂತು. ಸಣ್ಣ ಕ್ಲಬ್ ಬೆಳೆಸಿದ ಹುಡುಗನನ್ನು ದೊಡ್ಡ ಕ್ಲಬ್ ಕರೆದುಕೊಂಡರೆ, 9ರಿಂದ 11 ವರ್ಷದ ಅವಧಿಗೆ ವರ್ಷಕ್ಕೆ 3,000 ಪೌಂಡ್. 12ರಿಂದ 16ರ ಅವಧಿಗೆ ಅಕಾಡೆಮಿಯ ದರ್ಜೆಗೆ ತಕ್ಕಂತೆ ವರ್ಷಕ್ಕೆ 12,500ರಿಂದ 40,000 ಪೌಂಡ್. ಮುಂದೆ ಅವನು ದೊಡ್ಡ ಪಂದ್ಯಗಳನ್ನು ಆಡಿದರೆ ಇನ್ನಷ್ಟು.

ಲಂಡನ್‌ನ ಬ್ರೆಂಟ್‌ಫರ್ಡ್ ಕ್ಲಬ್ 2016ರಲ್ಲಿ ಲೆಕ್ಕ ಹಾಕಿ ನೋಡಿತು. ಸುತ್ತಲೂ ದೊಡ್ಡ ಕ್ಲಬ್‌ಗಳು, ತಾನು ಬೆಳೆಸಿದ ಒಳ್ಳೆಯ ಹುಡುಗ ಸಣ್ಣ ಮೊತ್ತಕ್ಕೆ ಕೈತಪ್ಪುತ್ತಾನೆ. ಅಕಾಡೆಮಿಯನ್ನೇ ಮುಚ್ಚಿತು. ಬದಲಿಗೆ ಬಿ ತಂಡ ಕಟ್ಟಿ, ಬೇರೆ ಅಕಾಡೆಮಿಗಳು ಕೈಬಿಟ್ಟವರನ್ನು ಹುಡುಕಿ ತಂದಿತು. ಇತರರು ಬೇಡವೆಂದವರಲ್ಲೂ ಪ್ರತಿಭೆ ಇದೆ ಎಂಬ ನಂಬಿಕೆಯ ಮೇಲೆಯೇ ಒಂದು ಕ್ಲಬ್ ಯೋಜನೆ ಹಾಕಿತು ಎಂದರೆ, ಆಯ್ಕೆಯ ಜರಡಿ ಎಷ್ಟು ಒರಟಾಗಿತ್ತು ಎಂದು ತಿಳಿಯುತ್ತದೆ. 2021ರಲ್ಲಿ ಬ್ರೆಂಟ್‌ಫರ್ಡ್ ಪ್ರೀಮಿಯರ್ ಲೀಗ್‌ಗೆ ಬಂತು. ಮರುವರ್ಷ ಅಕಾಡೆಮಿಯನ್ನು ಮತ್ತೆ ತೆರೆಯಿತು.

ಕೋಲ್ಕತ್ತದ ಆ ಫೈನಲ್

ಯೋಜನೆಯಿಂದ ಲಾಭವೇ ಆಗಿಲ್ಲ ಎಂದರೆ ತಪ್ಪಾಗುತ್ತದೆ. ಅದಕ್ಕೆ ಸಾಕ್ಷಿ ನಮ್ಮ ದೇಶದಲ್ಲೇ ಇದೆ. 2017ರ ಅಕ್ಟೋಬರ್ 28ರಂದು ಕೋಲ್ಕತ್ತದ ಸಾಲ್ಟ್ ಲೇಕ್ ಕ್ರೀಡಾಂಗಣದಲ್ಲಿ 17 ವರ್ಷದೊಳಗಿನವರ ವಿಶ್ವಕಪ್ ಫೈನಲ್ ನಡೆಯಿತು. ಸ್ಪೇನ್ ವಿರುದ್ಧ 0-2ರಿಂದ ಹಿಂದಿದ್ದ ಇಂಗ್ಲೆಂಡ್ ಕೊನೆಗೆ 5-2ರಿಂದ ಗೆದ್ದಿತು. ಅದೇ ವರ್ಷ 20 ವರ್ಷದೊಳಗಿನವರ ವಿಶ್ವಕಪ್ಪೂ ಇಂಗ್ಲೆಂಡ್‌ಗೆ ಬಂದಿತ್ತು. 2023 ಮತ್ತು 2025ರಲ್ಲಿ 21 ವರ್ಷದೊಳಗಿನವರ ಯುರೋಪಿಯನ್ ಪ್ರಶಸ್ತಿಯೂ ಅವರದೇ. ಒಳ್ಳೆಯ ಮೈದಾನ, ಒಳ್ಳೆಯ ಕೋಚ್, ವಾರದಲ್ಲಿ ಹೆಚ್ಚು ಗಂಟೆಗಳ ಅಭ್ಯಾಸ ಇವೆಲ್ಲ ಫಲ ಕೊಟ್ಟಿವೆ.

ಕೋಲ್ಕತ್ತದ ಆ ತಂಡದ ಫಿಲ್ ಫೋಡೆನ್ ಟೂರ್ನಿಯ ಶ್ರೇಷ್ಠ ಆಟಗಾರನಾದ. ಮುಂದೆ ಮ್ಯಾಂಚೆಸ್ಟರ್ ಸಿಟಿ ಜೊತೆ ಹಲವು ಲೀಗ್ ಪ್ರಶಸ್ತಿ ಗೆದ್ದ. ಫೈನಲ್‌ನಲ್ಲಿ ಗೋಲು ಹೊಡೆದ ಮಾರ್ಕ್ ಗೇಹಿ ಚೆಲ್ಸಿ ಅಕಾಡೆಮಿಯವನು, ಮುಂದೆ ಕ್ರಿಸ್ಟಲ್ ಪ್ಯಾಲೆಸ್ ನಾಯಕನಾಗಿ 2025ರ ಎಫ್‌ಎ ಕಪ್ ಎತ್ತಿದ. ಅದೇ ತಂಡದ ಗೋಲ್‌ಕೀಪರ್ ಆಗ ಸಿಟಿ ಅಕಾಡೆಮಿಯಲ್ಲಿದ್ದವನು. ಫೋಡೆನ್ ಜೊತೆ ಅದೇ ಮೈದಾನದಲ್ಲಿ ಬೆಳೆದು, ಅದೇ ರಾತ್ರಿ ಅದೇ ಪದಕ ಹಾಕಿಸಿಕೊಂಡವನು. ಆಮೇಲೆ ಸಿಟಿಯನ್ನು ಬಿಟ್ಟು ಕೆಳಗಿನ ಹಂತದ ಕ್ಲಬ್‌ಗಳಿಗೆ ಹೋದ. ಅವನಿಗೆ ಪ್ರೀಮಿಯರ್ ಲೀಗ್ ಆಡುವ ಅವಕಾಶ ಸಿಗಲಿಲ್ಲ.

ಇದು ಯಾರ ತಪ್ಪೂ ಅಲ್ಲ. ಹನ್ನೊಂದು ಜನ ಆಡುವ ಆಟದಲ್ಲಿ ಎಲ್ಲರಿಗೂ ಜಾಗ ಇರುವುದಿಲ್ಲ. ನನ್ನ ವಾದ ಆಯ್ಕೆಯ ವಿರುದ್ಧ ಅಲ್ಲ, ಆಯ್ಕೆಯ ನಂತರದ ಮೌನದ ವಿರುದ್ಧ. ವಿಶ್ವಕಪ್ ಗೆದ್ದವನಿಗೇ ಹೀಗಾಗಬಹುದಾದರೆ, ಎಂಟು-ಒಂಬತ್ತನೇ ವಯಸ್ಸಿನಲ್ಲಿ ಸೇರಿ ಹದಿನಾಲ್ಕಕ್ಕೆ, ಹದಿನಾರಕ್ಕೆ, ಹದಿನೆಂಟಕ್ಕೆ ಹೊರಬೀಳುವ ಉಳಿದವರ ಲೆಕ್ಕ ಯಾರ ಬಳಿ ಇದೆ?

ಲೆಕ್ಕಪುಸ್ತಕದಲ್ಲಿ ಹುಡುಗನ ಬೆಲೆ ಸೊನ್ನೆ

ಒಂದು ಲೆಕ್ಕ ಮಾತ್ರ ತುಂಬಾ ಚೊಕ್ಕವಾಗಿದೆ. ಅದು ಹಣದ ಲೆಕ್ಕ.

ಪ್ರೀಮಿಯರ್ ಲೀಗ್‌ನ ಲಾಭ ಮತ್ತು ಸುಸ್ಥಿರತೆಯ ನಿಯಮದ ಪ್ರಕಾರ ಕ್ಲಬ್‌ಗಳು ಮೂರು ವರ್ಷಗಳಲ್ಲಿ ಗರಿಷ್ಠ 10.5 ಕೋಟಿ ಪೌಂಡ್ ನಷ್ಟ ತೋರಿಸಬಹುದಿತ್ತು. ಇದನ್ನು ಮೀರಿದ್ದಕ್ಕೆ 2023-24ರಲ್ಲಿ ಎವರ್ಟನ್ ಮತ್ತು ನಾಟಿಂಗ್‌ಹ್ಯಾಮ್ ಫಾರೆಸ್ಟ್ ಅಂಕ ಕಳೆದುಕೊಂಡವು. ಎವರ್ಟನ್‌ಗೆ ಮೊದಲು ಹಾಕಿದ್ದ 10 ಅಂಕಗಳ ದಂಡ ಮೇಲ್ಮನವಿಯಲ್ಲಿ 6ಕ್ಕೆ ಇಳಿಯಿತು, ಫಾರೆಸ್ಟ್‌ಗೆ 4.

ಈಗ ಬಿ.ಕಾಂ ಗೆಳೆಯರಿಗೆ ಸುಲಭವಾಗಿ ಅರ್ಥವಾಗುವ ಒಂದು ವಿಷಯ. ಒಬ್ಬ ಆಟಗಾರನನ್ನು 5 ಕೋಟಿ ಪೌಂಡ್‌ಗೆ ಕೊಂಡು ಐದು ವರ್ಷದ ಒಪ್ಪಂದ ಮಾಡಿಕೊಂಡರೆ, ಪುಸ್ತಕದಲ್ಲಿ ವರ್ಷಕ್ಕೆ 1 ಕೋಟಿಯಂತೆ ಖರ್ಚು ಬರೆಯುತ್ತಾರೆ. ಎರಡು ವರ್ಷದ ನಂತರ ಅವನನ್ನು 4 ಕೋಟಿಗೆ ಮಾರಿದರೆ, ಪುಸ್ತಕದಲ್ಲಿ ಉಳಿದ ಬೆಲೆ 3 ಕೋಟಿ, ಲಾಭ ಬರೀ 1 ಕೋಟಿ. ಅಕಾಡೆಮಿಯಲ್ಲೇ ಬೆಳೆದವನಿಗೆ ಕ್ಲಬ್ ವರ್ಗಾವಣೆ ಶುಲ್ಕ ಕೊಟ್ಟಿರುವುದಿಲ್ಲ. ಹಾಗಾಗಿ ಪುಸ್ತಕದಲ್ಲಿ ಅವನ ಬೆಲೆ ಸೊನ್ನೆ. 4 ಕೋಟಿಗೆ ಮಾರಿದರೆ ನಾಲ್ಕಕ್ಕೆ ನಾಲ್ಕೂ ಲಾಭ.

ಪರಿಣಾಮ ಏನಾಯಿತು ನೋಡಿ. ಊರಿನ ಹುಡುಗನನ್ನು ಉಳಿಸಿಕೊಳ್ಳುವುದಕ್ಕಿಂತ ಮಾರುವುದೇ ಲೆಕ್ಕಕ್ಕೆ ಒಳ್ಳೆಯದು ಎಂಬ ಸ್ಥಿತಿ ಬಂತು. ಆರನೇ ವಯಸ್ಸಿಗೆ ಚೆಲ್ಸಿ ಸೇರಿದ್ದ ಮೇಸನ್ ಮೌಂಟ್ 2023ರಲ್ಲಿ ಮ್ಯಾಂಚೆಸ್ಟರ್ ಯುನೈಟೆಡ್‌ಗೆ ಹೋದ. ಅದೇ ಅಕಾಡೆಮಿಯ ಕಾನರ್ ಗ್ಯಾಲಗರ್ 2024ರಲ್ಲಿ ಅಟ್ಲೆಟಿಕೊ ಮ್ಯಾಡ್ರಿಡ್‌ಗೆ ಹೋದ. ನ್ಯೂಕಾಸಲ್ ಪಕ್ಕದ ಊರಿನ, ಎಳೆಯ ವಯಸ್ಸಿನಿಂದ ಆ ಕ್ಲಬ್‌ನಲ್ಲೇ ಬೆಳೆದ ಎಲಿಯಟ್ ಆಂಡರ್ಸನ್‌ನನ್ನು 2024ರ ಬೇಸಿಗೆಯಲ್ಲಿ ಫಾರೆಸ್ಟ್‌ಗೆ ಮಾರಲಾಯಿತು. ನಿಯಮದ ಗಡುವು ಇಲ್ಲದಿದ್ದರೆ ಅವನನ್ನು ಬಿಡುತ್ತಿರಲಿಲ್ಲ ಎಂಬುದನ್ನು ನ್ಯೂಕಾಸಲ್ ತರಬೇತುದಾರರೂ ಮುಚ್ಚಿಡಲಿಲ್ಲ. ಮುಂದೆ ಆಂಡರ್ಸನ್ ಇಂಗ್ಲೆಂಡ್ ತಂಡಕ್ಕೂ ಆಡಿದ, ಅವನಿಗೆ ನಷ್ಟವಾಗಲಿಲ್ಲ. ಆದರೆ ಗಮನಿಸಬೇಕಾದದ್ದು ಇದು: ಅಕಾಡೆಮಿ ಎಂಬುದು ಕ್ಲಬ್‌ನ ದಾನಧರ್ಮವಲ್ಲ, ಲಾಭದ ವಿಭಾಗ. ಗೆದ್ದ ಹುಡುಗನಿಂದ ಲಾಭ ಪಡೆಯುವವರು ಗೆಲ್ಲದ ಹುಡುಗನ ಜವಾಬ್ದಾರಿಯಲ್ಲೂ ಪಾಲು ಹೊರಬೇಕಲ್ಲವೇ?

ಬರಿಯ ಪಟ್ಟಿಯನ್ನು ನಂಬಿದರೆ

ಅಂಕಪಟ್ಟಿ ಏನನ್ನು ಮುಚ್ಚಿಡಬಲ್ಲದು ಎಂಬುದಕ್ಕೆ ಬರಿ ಎಂಬ ಊರಿನ ಕ್ಲಬ್‌ಗಿಂತ ದೊಡ್ಡ ಉದಾಹರಣೆ ಬೇಡ. ಮ್ಯಾಂಚೆಸ್ಟರ್ ಬಳಿಯ ಬರಿ ಎಫ್‌ಸಿ ಹುಟ್ಟಿದ್ದು 1885ರಲ್ಲಿ. 1900 ಮತ್ತು 1903ರಲ್ಲಿ ಎಫ್‌ಎ ಕಪ್ ಗೆದ್ದ ಕ್ಲಬ್ ಅದು. 1903ರ ಫೈನಲ್‌ನಲ್ಲಿ ಡರ್ಬಿ ಕೌಂಟಿಯನ್ನು 6-0ರಿಂದ ಸೋಲಿಸಿದ ದಾಖಲೆಯನ್ನು ಸರಿಗಟ್ಟಲು 2019ರಲ್ಲಿ ಮ್ಯಾಂಚೆಸ್ಟರ್ ಸಿಟಿ ಬರಬೇಕಾಯಿತು.

2018-19ರ ಪಟ್ಟಿ ನೋಡಿದರೆ ಬರಿ ನಾಲ್ಕನೇ ದರ್ಜೆಯಲ್ಲಿ ಎರಡನೇ ಸ್ಥಾನ, ಮೂರನೇ ದರ್ಜೆಗೆ ಬಡ್ತಿ. ಪಟ್ಟಿಯ ಪ್ರಕಾರ ಅದೊಂದು ಯಶಸ್ವಿ ಕ್ಲಬ್. ಆದರೆ ಸಾಲದಲ್ಲಿ ಮುಳುಗಿದ್ದ ಕ್ಲಬ್ ತನ್ನ ಹಣಕಾಸಿನ ಭದ್ರತೆಯನ್ನು ಸಾಬೀತು ಮಾಡಲಾಗದೆ 2019ರ ಆಗಸ್ಟ್ 27ರಂದು ಲೀಗ್‌ನಿಂದಲೇ ಹೊರಬಿತ್ತು. 134 ವರ್ಷದ ಕ್ಲಬ್, ಅದರ ಜೊತೆಗೆ ಅದರ ಅಕಾಡೆಮಿಯೂ ಹೋಯಿತು. ಹಿರಿಯ ಆಟಗಾರರಿಗೆ ಬೇರೆ ಕ್ಲಬ್ ಸಿಗಬಹುದು. ಋತು ಶುರುವಾದ ಮೇಲೆ ಹುಡುಗರು ಎಲ್ಲಿಗೆ ಹೋಗಬೇಕು? ಅಭಿಮಾನಿಗಳ ಹೋರಾಟದಿಂದ 2023ರಲ್ಲಿ ಬರಿ ಹೆಸರಿನ ತಂಡ ತನ್ನ ಹಳೆಯ ಗಿಗ್ ಲೇನ್ ಮೈದಾನಕ್ಕೆ ಮರಳಿತು, ಆದರೆ ಬಹಳ ಕೆಳಗಿನ ಹಂತದ ಲೀಗ್‌ನಲ್ಲಿ.

ಇಂಥ ಘಟನೆಗಳ ನಂತರ ಬ್ರಿಟನ್ ಸರ್ಕಾರ ಟ್ರೇಸಿ ಕ್ರೌಚ್ ನೇತೃತ್ವದಲ್ಲಿ ಪರಿಶೀಲನೆ ನಡೆಸಿತು. 2021ರ ನವೆಂಬರ್‌ನಲ್ಲಿ ಬಂದ ವರದಿಯ ಮುಖ್ಯ ಶಿಫಾರಸು ಸ್ವತಂತ್ರ ನಿಯಂತ್ರಕ. ಅದೇ ವರದಿಯ ಹತ್ತು ಪ್ರಮುಖ ಶಿಫಾರಸುಗಳಲ್ಲಿ ಇನ್ನೊಂದು, ಆಟದಿಂದ ಹೊರಬೀಳುವವರ, ಅದರಲ್ಲೂ ಎಳೆಯ ವಯಸ್ಸಿನವರ ಕ್ಷೇಮವನ್ನು ತುರ್ತಾಗಿ ಕಾಪಾಡಬೇಕು ಎಂಬುದು. 2025ರ ಜುಲೈನಲ್ಲಿ ಫುಟ್‌ಬಾಲ್ ಆಡಳಿತ ಕಾಯ್ದೆ ಜಾರಿಯಾಯಿತು. ಮೇಲಿನ ಐದು ದರ್ಜೆಗಳ ಕ್ಲಬ್‌ಗಳಿಗೆ ಪರವಾನಗಿ, ಮಾಲೀಕರ ಹಿನ್ನೆಲೆ ಪರಿಶೀಲನೆ, ಹಣಕಾಸಿನ ಮೇಲ್ವಿಚಾರಣೆ ಎಲ್ಲ ಅದರಲ್ಲಿವೆ. ಕ್ಲಬ್‌ನ ಹೆಸರು, ಲಾಂಛನ, ಅಂಗಿಯ ಬಣ್ಣ ಇವನ್ನು ಮಾಲೀಕರು ಮನಸ್ಸಿಗೆ ಬಂದಂತೆ ಬದಲಿಸದಂತೆ ರಕ್ಷಣೆಯೂ ಇದೆ. ಇದು ದೊಡ್ಡ ಹೆಜ್ಜೆಯೇ. ಆದರೆ ನಿಯಂತ್ರಕರ ಮುಖ್ಯ ಗುರಿಗಳು ಹಣಕಾಸಿನ ಭದ್ರತೆ ಮತ್ತು ಪರಂಪರೆ. ಅಂಗಿಯ ಬಣ್ಣಕ್ಕೆ ಕಾಯ್ದೆಯ ಕಾವಲಿದೆ, ಆ ಅಂಗಿಯನ್ನು ಹತ್ತು ವರ್ಷ ತೊಟ್ಟು ಹದಿನೆಂಟಕ್ಕೆ ಬಿಚ್ಚಿಕೊಡುವ ಹುಡುಗನ ಕಾಳಜಿ ಲೀಗ್ ಮತ್ತು ಕ್ಲಬ್‌ಗಳಿಗೇ ಬಿಟ್ಟದ್ದು.

ವಾರ್ಡಿ ಕಥೆ ಸಾಕೆ?

ಅಲ್ಲಿ ಯಾರೂ ಏನೂ ಮಾಡುತ್ತಿಲ್ಲ ಎಂದಲ್ಲ. ಹದಿನಾರಕ್ಕೆ ಆಯ್ಕೆಯಾದವರಿಗೆ ಎರಡು ವರ್ಷದ ಸ್ಕಾಲರ್‌ಶಿಪ್ ಇರುತ್ತದೆ, ಆಟದ ಜೊತೆ ಓದೂ ಕಡ್ಡಾಯ. ಕೆಳ ದರ್ಜೆಯ ಕ್ಲಬ್‌ಗಳ ಹುಡುಗರ ಓದಿನ ಹೊಣೆ ಹೊರಲು ಆಟಗಾರರ ಸಂಘ ಮತ್ತು ಫುಟ್‌ಬಾಲ್ ಲೀಗ್ ಸೇರಿ 2004ರಲ್ಲೇ ಒಂದು ಸಂಸ್ಥೆ ಕಟ್ಟಿವೆ. ಕ್ರಿಸ್ಟಲ್ ಪ್ಯಾಲೆಸ್ 2022ರಲ್ಲಿ ಇನ್ನೂ ಒಂದು ಹೆಜ್ಜೆ ಮುಂದೆ ಹೋಗಿ, ತಾನು ಕೈಬಿಟ್ಟ 18ರಿಂದ 23 ವರ್ಷದವರಿಗೆ ಮೂರು ವರ್ಷ ಬೆಂಬಲ ನೀಡುವ ಕಾರ್ಯಕ್ರಮ ಶುರು ಮಾಡಿತು.

ಆದರೆ ಸಾಮಾನ್ಯವಾಗಿ ನಮಗೆ ಹೇಳುವುದು ಜೇಮಿ ವಾರ್ಡಿ ಕಥೆ. ಹದಿನಾರಕ್ಕೆ ಶೆಫೀಲ್ಡ್ ವೆನ್ಸ್‌ಡೇ ಬೇಡವೆಂದಿತು, ಕಾರ್ಖಾನೆಯಲ್ಲಿ ಕೈಕಾಲು ಮುರಿದವರಿಗೆ ಕಟ್ಟುವ ಪಟ್ಟಿಗಳನ್ನು ತಯಾರಿಸುತ್ತಾ ಸಣ್ಣ ಕ್ಲಬ್‌ಗಳಲ್ಲಿ ಆಡಿದ, 2012ರಲ್ಲಿ ಲೆಸ್ಟರ್ ಸೇರಿದ, 2016ರಲ್ಲಿ ಪ್ರೀಮಿಯರ್ ಲೀಗ್ ಗೆದ್ದ. ಹ್ಯಾರಿ ಕೇನ್ ಕೂಡ ಎಳೆಯ ವಯಸ್ಸಿನಲ್ಲೇ ಆರ್ಸೆನಲ್ ಕೈಬಿಟ್ಟ ಹುಡುಗ, ಇಂದು ಇಂಗ್ಲೆಂಡ್ ಪರ ಅತಿ ಹೆಚ್ಚು ಗೋಲು ಹೊಡೆದವನು. ಹದಿನಾಲ್ಕಕ್ಕೆ ಚೆಲ್ಸಿಯಿಂದ ಹೊರಬಿದ್ದ ಡೆಕ್ಲಾನ್ ರೈಸ್‌ನನ್ನು 2023ರಲ್ಲಿ ಆರ್ಸೆನಲ್ ಸುಮಾರು 10.5 ಕೋಟಿ ಪೌಂಡ್ ಒಪ್ಪಂದಕ್ಕೆ ಕೊಂಡಿತು.

ಈ ಕಥೆಗಳು ನಿಜ, ಹುರುಪು ತುಂಬುತ್ತವೆ. ಆದರೆ ಇವು ಮತ್ತೆ ಮೇಲೆ ಬಂದವರ ಕಥೆಗಳು ಮಾತ್ರ. ಮೇಲೆ ಬರದವರನ್ನು ಯಾರೂ ಸಂದರ್ಶಿಸುವುದಿಲ್ಲ. ಕಾಲೇಜಿನ ಗೇಟಿನ ಮುಂದಿನ ಫ್ಲೆಕ್ಸ್‌ನಲ್ಲಿ ಅತಿ ಹೆಚ್ಚು ಪ್ಯಾಕೇಜ್ ಪಡೆದ ಮೂರು ಮುಖಗಳಿರುತ್ತವೆ, ಉಳಿದ ಬ್ಯಾಚ್ ಇರುವುದಿಲ್ಲ. ವಾರ್ಡಿ ಆ ಫ್ಲೆಕ್ಸ್‌ನ ಮುಖ. ಒಬ್ಬ ವಾರ್ಡಿಯನ್ನು ತೋರಿಸಿ, ಕಷ್ಟಪಟ್ಟರೆ ಎಲ್ಲ ಸಾಧ್ಯ ಎಂದು ಹೇಳುವುದು ಸುಲಭ. ಕಷ್ಟಪಟ್ಟೂ ಆಗದವರಿಗೆ ಸಂಸ್ಥೆ ಏನು ಮಾಡಿತು ಎಂದು ಕೇಳುವುದು ಕಷ್ಟ.

ನನ್ನದೊಂದು ಸಲಹೆ

ಯುವ ಲೀಗ್‌ನ ಅಂಕಪಟ್ಟಿಯ ಪಕ್ಕದಲ್ಲೇ ಪ್ರತಿ ವರ್ಷ ಇನ್ನೊಂದು ಪಟ್ಟಿ ಪ್ರಕಟವಾಗಲಿ. ಪ್ರತಿ ಕ್ಲಬ್‌ನ ಎದುರು ಐದು ಅಂಕಿ ಸಾಕು. ಐದು ವರ್ಷದ ಹಿಂದೆ ಅಕಾಡೆಮಿಯಿಂದ ಹೊರಟವರು ಎಷ್ಟು. ಅವರಲ್ಲಿ ಈಗ ವೃತ್ತಿಪರ ಆಟಗಾರರು ಎಷ್ಟು. ಓದುತ್ತಿರುವವರು ಎಷ್ಟು. ಬೇರೆ ಕೆಲಸದಲ್ಲಿರುವವರು ಎಷ್ಟು. ಕೊನೆಯದು, ಸುಳಿವಿಲ್ಲದವರು ಎಷ್ಟು. ನನ್ನ ಪ್ರಕಾರ ಈ ಕೊನೆಯ ಕಾಲಂ ಎಲ್ಲಕ್ಕಿಂತ ಮುಖ್ಯ. ಅದರಲ್ಲಿ ದೊಡ್ಡ ಅಂಕಿ ಇದ್ದರೆ, ಆ ಕ್ಲಬ್ ಹುಡುಗರನ್ನು ಬಿಟ್ಟ ಮೇಲೆ ತಿರುಗಿ ನೋಡಿಲ್ಲ ಎಂದೇ ಅರ್ಥ.

ಇದಕ್ಕೆ ಆಕ್ಷೇಪಗಳಿವೆ. ಖಾಸಗಿ ವಿವರ ಬಯಲಾಗುತ್ತದೆ ಎನ್ನಬಹುದು. ಹೆಸರು ಬೇಡ, ಸಂಖ್ಯೆ ಸಾಕು. ಇಪ್ಪತ್ಮೂರು ವರ್ಷದವನ ಬದುಕಿಗೆ ಹಳೆಯ ಕ್ಲಬ್ ಹೇಗೆ ಹೊಣೆ ಎನ್ನಬಹುದು. ಪೂರ್ತಿ ಹೊಣೆ ಅಲ್ಲ, ಒಪ್ಪುತ್ತೇನೆ. ಆದರೆ ಎಂಟರಿಂದ ಹದಿನೆಂಟರವರೆಗೆ ಅವನ ಸಂಜೆಗಳನ್ನೂ ವಾರದ ಕೊನೆಗಳನ್ನೂ ತೆಗೆದುಕೊಂಡದ್ದು ಕ್ಲಬ್. ಅವನು ಸ್ಟಾರ್ ಆಗಿದ್ದರೆ ನಮ್ಮ ಅಕಾಡೆಮಿಯ ಹುಡುಗ ಎಂದು ಹೇಳಿಕೊಳ್ಳುತ್ತಿದ್ದದ್ದೂ ಅದೇ ಕ್ಲಬ್. ಇನ್ನೊಂದು ಆಕ್ಷೇಪ, ಸಂಖ್ಯೆ ಚೆನ್ನಾಗಿ ಕಾಣಲೆಂದು ಕ್ಲಬ್‌ಗಳು ಹುಡುಗರನ್ನು ಸೇರಿಸಿಕೊಳ್ಳುವುದನ್ನೇ ಕಡಿಮೆ ಮಾಡಬಹುದು. ಮಾಡಿದರೆ ಒಳ್ಳೆಯದೇ. ಒಬ್ಬನ ಆಟಕ್ಕೆ ಬೇಕಾದ ಹನ್ನೊಂದು ಜನರನ್ನು ತುಂಬಿಸಲು ಮಾತ್ರ ಉಳಿದ ಹತ್ತು ಮಕ್ಕಳನ್ನು ವರ್ಷಗಟ್ಟಲೆ ಇಟ್ಟುಕೊಳ್ಳುವುದು ನಿಲ್ಲಲಿ.

ಇದು ದೂರದ ದೇಶದ ವಿಷಯ ಎಂದು ಬಿಡುವಂತಿಲ್ಲ. 2022ರಲ್ಲಿ ನಮ್ಮ ದೇಶದ ಯುವ ಆಟಗಾರರ ಡೆವಲಪ್‌ಮೆಂಟ್ ಲೀಗ್ ಮೊದಲ ಬಾರಿ ನಡೆದಾಗ ಗೆದ್ದದ್ದು ಬೆಂಗಳೂರು ಎಫ್‌ಸಿ. ಆ ಹುಡುಗರು ಅದೇ ವರ್ಷ ಇಂಗ್ಲೆಂಡ್‌ಗೆ ಹೋಗಿ ಪ್ರೀಮಿಯರ್ ಲೀಗ್ ಕ್ಲಬ್‌ಗಳ ಯುವ ತಂಡಗಳ ಜೊತೆ ನೆಕ್ಸ್ಟ್ ಜೆನ್ ಕಪ್ ಆಡಿ ಬಂದರು. ಅಕಾಡೆಮಿ, ದರ್ಜೆ, ಯುವ ಲೀಗ್ ಎಲ್ಲದರಲ್ಲೂ ನಮ್ಮವರು ನೋಡುತ್ತಿರುವುದು ಇಂಗ್ಲೆಂಡ್ ಮತ್ತು ಯುರೋಪಿನ ಮಾದರಿಯನ್ನೇ. ಅಲ್ಲಿ ನಡೆದ ಪ್ರಯೋಗದ ಫಲ ಕಣ್ಣ ಮುಂದಿದೆ: ಪದಕ ಬರುತ್ತದೆ, ಲಾಭವೂ ಬರುತ್ತದೆ, ಹೊರಬಿದ್ದವರ ಲೆಕ್ಕ ಮಾತ್ರ ತಾನಾಗಿ ಬರುವುದಿಲ್ಲ. ಅದನ್ನು ಕೇಳಿ ಪಡೆಯಬೇಕು. ನಮ್ಮ ಯುವ ಲೀಗ್‌ಗಳು ಇನ್ನೂ ಎಳೆಯವು. ಕಾಲಂ ಸೇರಿಸುವುದಾದರೆ ಈಗಲೇ ಸುಲಭ.

ಕೆಲಸ ಹುಡುಕುತ್ತಿರುವ, ಕೋಚಿಂಗ್‌ಗೆ ಸೇರಬೇಕೆಂದಿರುವ, ಕಾಲೇಜು ಆರಿಸುತ್ತಿರುವ ಗೆಳೆಯರಿಗೂ ಇದೇ ಮಾತು. ಯಾವ ಸಂಸ್ಥೆಯೇ ಇರಲಿ, ತನ್ನ ಟಾಪರ್ ಹೆಸರನ್ನು ಕೇಳದೆಯೇ ಹೇಳುತ್ತದೆ. ನಾವು ಕೇಳಬೇಕಾದದ್ದು, ಕಳೆದ ಬ್ಯಾಚಿನಲ್ಲಿ ಆಯ್ಕೆಯಾಗದವರು ಈಗ ಎಲ್ಲಿದ್ದಾರೆ ಎಂದು. ಉತ್ತರ ಇದ್ದರೆ ಅಲ್ಲಿ ಸೇರಬಹುದು. ಉತ್ತರ ಇಲ್ಲದಿದ್ದರೆ, ಅದೂ ಒಂದು ಉತ್ತರವೇ.